ಹೊಸ್ತಿಲ ಮುಂದಿನ ನಕ್ಷತ್ರ

ಹೊರಗಿನಿಂದ ಬಂದ ಬಿಂದುಮಾಧವ ಎತ್ತಿದ ಕಾಲನ್ನು ಕೆಳಗಿಡಲಿಲ್ಲ. ಹೊಸ್ತಿಲ ಮುಂದೆ, ಅಂಗಳದ ತುಂಬ, ಅದೇ ನಕ್ಷತ್ರ.

"ನಿನ್ನ ಹೆಂಡತಿ ಎಷ್ಟ್ ಛಂದ ಹಾಕ್ಯಾಳ ನೋಡು!" ಎಂದಳು ತಾಯಿ ರಂಗೂಬಾಯಿ, ಬಾಗಿಲಲ್ಲಿ ಕೂತು ತಟ್ಟೆಯಲ್ಲಿ ಹಸಿರು ಬಳೆ ಹೊಂದಿಸುತ್ತ. "ನಮ್ಮ ಧಾರವಾಡದಾಗ ಇಂಥಾ ರಂಗೋಲಿ ಯಾರೂ ಹಾಕಂಗಿಲ್ಲ."

ಹಾಕುವುದಿಲ್ಲ, ಖರೆ. ಅದು ರಂಗೋಲಿಯೇ ಅಲ್ಲ. ಪುಣೆಯ ಹೊರಗಿನ ಹಳೆಯ ಗೋರಿಯೊಂದರಲ್ಲಿ ಅವನೇ ಅಳೆದು ತೆಗೆದ ನಕ್ಷೆ. ಸಾಹೇಬರ ಕಚೇರಿಯಲ್ಲಿ ಅವನಿಗೆ ಅದೇ ಕೆಲಸ: ಮಸೀದಿ, ದರ್ಗಾ, ಗೋರಿಗಳ ಕಲ್ಲಿನ ಬಳ್ಳಿ, ಜಾಲಂದ್ರ, ನಕ್ಷತ್ರಗಳ ನಕಲು ತೆಗೆಯುವುದು. ಮಡಿವಂತ ಗೆಳೆಯರು ಮೂಗು ಮುರಿದರೆ, "ಗೆರಿಗೆ ಎಂಥಾ ಜಾತಿರೀ?" ಎಂದು ನಗುತ್ತಿದ್ದ. ಓದಿದವನಲ್ಲವೆ!

ಈ ನಕ್ಷತ್ರ ಮಾತ್ರ ಅಲ್ಲಿನ ದೊಡ್ಡ ಗೋರಿಯದಲ್ಲ. ಅದರ ಪಕ್ಕಕ್ಕೆ ಮೊಳದುದ್ದದ ಇನ್ನೊಂದು ಗೋರಿಯಿತ್ತು. ಯಾರದೋ ಕೂಸಿನದು.

ಹೋದ ವರ್ಷ ತಮ್ಮದೇ ಕೂಸು ತೊಟ್ಟಿಲಲ್ಲೇ ತಣ್ಣಗಾದ ಮೇಲೆ ಹೆಂಡತಿ ಅಂಬಾ ಮಾತು ಬಿಟ್ಟಿದ್ದಳು. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಬರಿಗೋಡೆಗಿಂತ ವಾಸಿಯೆಂದು ಈ ನಕ್ಷೆಯ ಹಾಳೆಯನ್ನು ಅಲ್ಲಿ ಅಂಟಿಸಿದವನು ಅವನೇ.

"ಎಲ್ಲೀದ್ರಿ ಇದು?" ಒಂದು ದಿನ ಕೇಳಿದಳು. ಎಷ್ಟೋ ದಿನಗಳ ಮೇಲೆ ಅವಳಾಡಿದ ಮೊದಲ ಮಾತು.

"ಒಂದು ತೋಟದ್ದು," ಎಂದಿದ್ದ.

ಇವತ್ತು ಅವಳ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ದಿನ. ಬೆಳಗಿನಿಂದ ನಗುತ್ತಿದ್ದಾಳೆ.

ಅವರಿದ್ದ ವಾಡೆಯ ಅಕ್ಕಪಕ್ಕದ ಬಿಡಾರಗಳಿಂದ ಮರಾಠಿ ಹೆಂಗಸರು ಬಂದರು. "ಕಿತ್ತೀ ಸುಂದರ!" ಎನ್ನುತ್ತ, ಸೀರೆ ಎತ್ತಿ ಹಿಡಿದು, ಗೆರೆ ತುಳಿಯದಂತೆ ದಾಟಿ ರಂಗೂಬಾಯಿಯ ಜೊತೆ ಒಳಗೆ ಹೋದರು. ಅವನಿಗೆ ದಾಟಲಾಗಲಿಲ್ಲ. ಥೂ, ಎಂಥ ಹುಚ್ಚು! ಬರೀ ಬಿಳಿ ಪುಡಿ. ಆದರೂ ಒಂದು ಹೆಜ್ಜೆ ಹಿಂದೆ ಸರಿದ. ಇದು ಕೂಸಿನ ಗೋರಿಯದೆಂದು ಹೇಳಿದರೆ ಅವಳ ನಗು ಹೋದೀತು. ಹೇಳದಿದ್ದರೆ ಈ ಕೂಸಿಗೂ...? ಮುಂದಿನದನ್ನು ಬುದ್ಧಿ ಒಪ್ಪಲಿಲ್ಲ. ಮೈ ಆಗಲೇ ಒಪ್ಪಿತ್ತು.

ಅಂಗಳದಲ್ಲಿ ಯಾರೂ ಇಲ್ಲದ್ದು ನೋಡಿ ಕಾಲಿನಿಂದ ಒರೆಸಿಬಿಟ್ಟ. ಒಂದು ಗೆರೆಯೂ ಉಳಿಯದಂತೆ ಒರೆಸಿದ.

ತಲೆ ಎತ್ತಿದರೆ ಬಾಗಿಲಲ್ಲಿ ಅಂಬಾ. ಅವನನ್ನು ಕರೆಯಲು ಬಂದಿದ್ದಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ಯಾಕ್ರಿ?"

"ಏನಿಲ್ಲ. ಗೆರಿ ತಪ್ಪಿತ್ತು."

"ಎಲ್ಲೆ?"

"ಎಲ್ಲೋ ಒಂದ್ಕಡೆ."

"ಮೊದಲ ಹೇಳಬಾರದೇನ್ರಿ?" ಅವಳಿಗೆ ಸಿಟ್ಟು ಸಹ ಬರಲಿಲ್ಲ. ರಂಗೋಲಿಯ ಬಟ್ಟಲು ತಂದು, ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಕುಕ್ಕರಿಸಿದಳು. "ಈ ಸಲ ತಪ್ಪಂಗಿಲ್ಲ. ನೀವ ನಿಂತು ನೋಡ್ರಿ."

ಅವಳಿಗೆ ಹಾಳೆ ಬೇಕಿರಲಿಲ್ಲ. ಆ ನಕ್ಷೆಯಲ್ಲಿ ಒಂದು ನಕ್ಷತ್ರ ಮುಗಿಯಬೇಕಾದರೆ ಇನ್ನೊಂದು ಶುರುವಾಗಲೇಬೇಕು. ಅಳೆದವನಿಗೆ ಅದು ಗೊತ್ತಿತ್ತು. ಬಿಳಿ ಗೆರೆ ಹೊಸ್ತಿಲಿನಿಂದ ಅಂಗಳಕ್ಕೆ ಇಳಿಯಿತು. ಅವನ ಬಲಪಾದದ ಬದಿಗೆ ಬಂದು, ಹಿಮ್ಮಡಿಯ ಹಿಂದೆ ತಿರುಗಿ, ಎಡಪಾದದ ಕಡೆಗೆ ಹೊರಟಿತು.

"ಅಲುಗಾಡಬ್ಯಾಡ್ರಿ," ಎಂದಳು ಅಂಬಾ, ನಗುತ್ತ. "ಕೆಡ್ತದ."

ಒಳಗೆ ಹೆಂಗಸರು ಹಾಡು ಶುರು ಮಾಡಿದರು. ಅವನು ಅಲುಗಾಡಲಿಲ್ಲ. ಗೆರೆ ಕೂಡಿಕೊಂಡಿತು. ಅವನ ಕಾಲ ಕೆಳಗೆ ಮೊಳದುದ್ದದ ಬರಿನೆಲ ಉಳಿಯಿತು.