ಬೋಡನ ಕೂದಲು

ವಾರ್ಡಿನಲ್ಲಿ ಎಲ್ಲರೂ ಅವಳನ್ನು ಬೋಡಿ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಪಕ್ಕದ ಮಂಚದ ಬೋಡ. ಅವಳಿಗೆ ಹದಿನಾರು, ಅವನಿಗೆ ಹದಿನೇಳು. ಇಬ್ಬರಿಗೂ ರಕ್ತದ ಕ್ಯಾನ್ಸರ್. ಕೀಮೋಗೆ ಅವಳ ಕೂದಲು ಉದುರತೊಡಗಿದಾಗ ಕ್ಷೌರಿಕನಾದ ಅಪ್ಪನೇ ಅಂಗಡಿಯಿಂದ ಕತ್ತಿ ತಂದು ತಲೆ ಬೋಳಿಸಿದ್ದ. ಅಪ್ಪ ಅವಸರವಸರವಾಗಿ ಕತ್ತಿ ಎಳೆಯುವುದನ್ನು ಕಂಡ ಬೋಡ, "ನಿಧಾನ ಅಂಕಲ್, ಗಿರಾಕಿ ಎಲ್ಲಿಗೂ ಓಡಿಹೋಗಲ್ಲ, ಕೈಗೆ ಡ್ರಿಪ್ ಹಾಕಿದಾರೆ" ಎಂದಿದ್ದ. ಅಳುತ್ತಿದ್ದವಳು ನಕ್ಕುಬಿಟ್ಟಿದ್ದಳು. ಪ್ರೀತಿ ಶುರುವಾದದ್ದು ಅಲ್ಲಿಂದ.

ಗಟ್ಟಿಮುಟ್ಟಾಗಿದ್ದವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಶಾಲೆಯ ಗೆಳತಿಯರು ಬಂದು "ಎಲ್ಲಾ ಸರಿಹೋಗುತ್ತೆ ಕಣೇ" ಎಂದರೆ ಗೋಡೆ ಕಡೆ ತಿರುಗಿಬಿಡುತ್ತಿದ್ದಳು. ಬೋಡನಿಗೆ ಮಾತ್ರ ಎಲ್ಲ ಹೇಳುತ್ತಿದ್ದಳು: ಸಾವಿನ ಭಯ, ಅಮ್ಮನ ಮೇಲಿನ ಸಿಟ್ಟು, ಒಮ್ಮೆ ಮಾತ್ರೆಗಳನ್ನೆಲ್ಲ ಚರಂಡಿಗೆ ಸುರಿದದ್ದು. ಅವನ ಕೀಮೋ ಮುಗಿದು ಈಗ ಬರೀ ಮಾತ್ರೆಯಂತೆ. ಆದರೂ ಅವಳ ಸರದಿಯ ದಿನ ತಪ್ಪದೆ ಬೋಳುತಲೆ ಹೊತ್ತು ಬಂದು ಪಕ್ಕದಲ್ಲಿ ಕೂರುತ್ತಿದ್ದ.

ಒಂದು ಬುಧವಾರ ರಕ್ತಪರೀಕ್ಷೆ ಬೇಗ ಮುಗಿಯಿತು. ಅಪ್ಪನ ಜೊತೆ ಮನೆಗೆ ಹೋದರಾಯಿತೆಂದು ಅಂಗಡಿಗೆ ನಡೆದಳು. ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಬೋಡ ಕೂತಿದ್ದ. ಅರ್ಧ ತಲೆ ನುಣ್ಣಗಿತ್ತು. ಉಳಿದರ್ಧದಲ್ಲಿ ಬ್ರಶ್ಶಿನಂಥ ಒತ್ತಾದ ಕಪ್ಪು ಕೂದಲು. ಕತ್ತಿ ಹಿಡಿದ ಅಪ್ಪನ ಕೈ ಹಾಗೇ ನಿಂತಿತು.

"ಯಾವಾಗಿಂದ?" ಎಂದಳು.

ಬೋಡ ಕನ್ನಡಿಯಲ್ಲೇ ಅವಳನ್ನು ನೋಡಿದ. "ನಾಲ್ಕು ತಿಂಗಳಾಯ್ತು. ಡಾಕ್ಟ್ರು ಮಾತ್ರೆನೂ ನಿಲ್ಸಿದ್ರು. ಹೇಳಿದ್ರೆ ನೀನು ನನ್ನ ಕಂಡ್ರೂ ಗೋಡೆ ಕಡೆ ತಿರುಗ್ತೀಯ ಅಂತ…"

"ಅಪ್ಪಾ, ನೀನೂನಾ?"

"ಅವನು ಬಂದ ದಿನ ನೀನು ಎರಡು ತುತ್ತು ಜಾಸ್ತಿ ತಿಂತಿದ್ದೆ, ಮಗಳೇ."

"ಅದಕ್ಕೆ ವಾರವಾರ ಬೋಳಿಸಿ ಕಳಿಸ್ತಿದ್ದೆಯಾ?"

ನಂಬಿದ ಇಬ್ಬರೇ ಸೇರಿಕೊಂಡು ಅವಳ ಕಣ್ಣಿಗೆ ಮಣ್ಣೆರಚಿದ್ದರು. ಅವಳು ಬೋಡನ ಕಡೆ ತಿರುಗಿದಳು.

"ವಾಸಿಯಾಯ್ತು ಅಂದಿದ್ರೆ ಹೊಟ್ಟೆ ಉರ್ಕೊಳ್ತಿದ್ದೆ, ಹೌದು. ಒಂದು ವಾರ ಮಾತು ಬಿಡ್ತಿದ್ದೆ. ಆಮೇಲೆ ಖುಷಿ ಪಡ್ತಿದ್ದೆ ಕಣೋ. ಅಷ್ಟಕ್ಕೂ ಲಾಯಕ್ಕಿಲ್ಲ ಅಂದ್ಕೊಂಡ್ಯಾ ನನ್ನ?"

ಉತ್ತರಕ್ಕೆ ಕಾಯದೆ ಅವಳು ಅಂಗಡಿಯಿಂದ ಹೊರಟುಬಿಟ್ಟಳು.

ಅಪ್ಪನ ಜೊತೆ ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ ವಾಂತಿ ಕಿತ್ತುಕೊಂಡು ಬಂದಾಗ ಬೆನ್ನು ಸವರಲು ಅದೇ ಕೈ ಬೇಕಾಯಿತು. ಬೋಡನನ್ನು ಮಾತ್ರ ಒಳಗೆ ಬಿಡಬೇಡಿ ಎಂದು ನರ್ಸಕ್ಕನಿಗೆ ಹೇಳಿದ್ದಳು. ತಾನು ಅವನೆದುರು ಬಾಯಿಬಿಟ್ಟ ಒಂದೊಂದು ಮಾತೂ ನೆನಪಾಗಿ ಮೈಯೆಲ್ಲ ಉರಿಯುತ್ತಿತ್ತು, ಬಟ್ಟೆ ಬದಲಿಸುವಾಗ ಯಾರೋ ಕದ್ದು ನೋಡಿದ ಹಾಗೆ.

ಎರಡು ತಿಂಗಳ ಮೇಲೆ ನರ್ಸಕ್ಕನನ್ನು ಕಾಡಿಬೇಡಿ ಅವನು ಒಳಗೆ ಬಂದ. ಬಾಚುವಷ್ಟು ಕೂದಲು ಬಂದಿತ್ತು, ಕೆನ್ನೆ ತುಂಬಿಕೊಂಡಿತ್ತು.

"ನಾನು ನಿಜವಾಗ್ಲೂ ಹೀಗಿರೋದು," ಎಂದ.

ಚೆನ್ನಾಗಿಯೇ ಇದ್ದ. ಅವಳಿಗೆ ಅದೇ ಹೆಚ್ಚು ನೋವಾಯಿತು.

"ನೀನು ಯಾರೋ ನಂಗೊತ್ತಿಲ್ಲ," ಎಂದಳು. "ನಂಗೆ ಗೊತ್ತಿದ್ದೋನಿಗೆ ನನ್ನ ಥರಾನೇ ಕಾಯಿಲೆ ಇತ್ತು. ಹೋಗು."

ಅವನು ಹೋದ ಮೇಲೆ ಬಿಕ್ಕಿಬಿಕ್ಕಿ ಅತ್ತಳು. ಚಿಕಿತ್ಸೆ ಇನ್ನೂ ಏಳು ತಿಂಗಳಿತ್ತು. ಆ ಏಳೂ ತಿಂಗಳನ್ನು ಅವನಿಲ್ಲದೆಯೇ ಮುಗಿಸಿದಳು.