ಅಂಟು ಹಿಡಿಯದ ಬಿದಿರು

ಬೆಳಿಗ್ಗೆ ಒಲೆಯ ಮುಂದೆ ನಿಂತು ಕಾಗದದ ಲಾಂದ್ರಕ್ಕೆ ಗೋಧಿ ಹಿಟ್ಟಿನ ಅಂಟು ಕಾಯಿಸುತ್ತಿದ್ದೆ. ಆಸ್ಪತ್ರೆಯಿಂದ ಫೋನ್ ಬಂತು. ನನ್ನ ಹೊಟ್ಟೆಯಲ್ಲಿರುವುದು ಗಂಡು, ಮಗ ಇಟ್ಸುಕಿಯ ಕಾಯಿಲೆಯೇ ಅದಕ್ಕೂ ಇದೆ. ಇಟ್ಟುಕೊಳ್ಳುವುದೋ ಬೇಡವೋ, ಈ ವಾರದಲ್ಲೇ ಹೇಳಬೇಕಂತೆ.

ಫೋನ್ ಇಡುವಷ್ಟರಲ್ಲಿ ಅಂಟು ಸೀದಿತ್ತು.

"ಅದನ್ನೂ ಕೆಡಿಸಿದ್ಯಾ?" ಅತ್ತೆ ಪಾತ್ರೆಯೊಳಗೆ ಇಣುಕಿದರು. "ನಿನ್ನ ಕೈಯಲ್ಲಿ ಯಾವುದು ತಾನೆ ಅಂಟುತ್ತೆ!"

ಬೋನ್ ಹಬ್ಬ ಹತ್ತಿರ ಬಂದಿತ್ತು. ಆ ದಿನಗಳಲ್ಲಿ ಸತ್ತವರು ಮನೆಗೆ ಬರುವ ದಾರಿ ತೋರಿಸಲು ಎಲ್ಲರಿಗೂ ಲಾಂದ್ರ ಬೇಕು. ಮರದ ಅಚ್ಚಿಗೆ ಬಿದಿರಿನ ಎಳೆ ಸುತ್ತಿ, ಮೇಲೆ ಕಾಗದ ಅಂಟಿಸಿ, ಒಣಗಿದ ಮೇಲೆ ಒಳಗಿನ ಅಚ್ಚನ್ನು ತುಂಡು ತುಂಡಾಗಿ ಲಾಂದ್ರದ ಬಾಯಿಯ ಮೂಲಕ ಹೊರಗೆ ತೆಗೆಯುತ್ತೇವೆ. ಅಂಟು ತೆಳುವಾಗಿದ್ದರೆ ಗೊತ್ತಾಗುವುದು ಆಗಲೇ. ಬಿದಿರು ಜಾರುತ್ತದೆ, ಕಾಗದ ಹರಿಯುತ್ತದೆ.

ಇಟ್ಸುಕಿಯ ನಡಿಗೆ ನಿಂತಾಗ ಡಾಕ್ಟರು ನಮ್ಮ ಕಸುಬನ್ನೇ ಹಿಡಿದು ಹೇಳಿದ್ದರು. ಮೈಯ ಒಂದೊಂದು ಜೀವಕೋಶದೊಳಗೂ ಎಳೆಗಳ ಚೌಕಟ್ಟಿದೆ. ಕೋಶವನ್ನು ಕುಸಿಯದಂತೆ ಹಿಡಿಯುವುದೂ ಅದೇ, ಎಳೆದು ಕದಲಿಸುವುದೂ ಅದೇ. ಇವನ ಸ್ನಾಯುವಿನಲ್ಲಿ ಆ ಎಳೆಗಳನ್ನು ಹೊರಪೊರೆಗೆ ಕಚ್ಚಿಸುವ ಅಂಟು ಇಲ್ಲ. ಕೈಕಾಲು ಆಡಿಸಿದಷ್ಟೂ ಪೊರೆ ಹರಿಯುತ್ತದೆ. ತಾಯಿಯಿಂದ ಬಂದಿರಬಹುದು ಎಂದೂ ಹೇಳಿದರು. ಅತ್ತೆಯ ಕಿವಿಯಲ್ಲಿ ಉಳಿದದ್ದು ಆ ಮಾತೊಂದೇ. ಮರುದಿನದಿಂದ ಅವನಿಗೊಂದು ಕೆಲಸ ಕೊಟ್ಟರು: ಕೆಟ್ಟುಹೋದ ಲಾಂದ್ರಗಳನ್ನು ನೆನೆಸಿ ಕಾಗದ ಸುಲಿಯುವುದು.

ಈಗಲೂ ಗಾಲಿಕುರ್ಚಿಯಲ್ಲಿ ಕೂತು ಅದನ್ನೇ ಮಾಡುತ್ತಿದ್ದ.

"ಅದೂ ಇವನ ಹಾಗೇನಾ?" ನನ್ನ ಹೊಟ್ಟೆ ನೋಡಿ ಅತ್ತೆ ಕೇಳಿದರು.

ಹೌದೆಂದು ತಲೆಯಾಡಿಸಿದೆ.

"ಹಾಗಾದ್ರೆ ಬೇಡ ಅಂತ ಹೇಳ್ಬಿಡು. ಒಂದನ್ನ ಹೊತ್ಕೊಂಡು ಹೋಗಿ ಕಕ್ಕಸಿಗೆ ಕೂರಿಸೋದೇ ಸಾಕಾಗಿದೆ."

"ಮಗು ಕೇಳಿಸ್ಕೊಳ್ತಿದಾನೆ, ಅತ್ತೆ."

"ಕೇಳ್ಲಿ ಬಿಡು. ಅವನ ಮೈಯಲ್ಲಿ ಕಿವಿಯೊಂದಾದ್ರೂ ನೆಟ್ಟಗಿದೆಯಲ್ಲ!"

ಇಟ್ಸುಕಿ ನಕ್ಕ. ಅಜ್ಜಿ ಚುಚ್ಚಿದಾಗ ಎಲ್ಲರಿಗಿಂತ ಮೊದಲು ನಗುವುದನ್ನು ಅವನು ಕಲಿತಿದ್ದ.

ನನ್ನ ಗಂಡ ಅಚ್ಚಿನಿಂದ ತಲೆ ಎತ್ತಲಿಲ್ಲ. "ಅಮ್ಮ ಹೇಳೋದೂ ಸರೀನೇ," ಎಂದ.

ಪಾತ್ರೆಯ ತಳ ಉಜ್ಜುತ್ತಿದ್ದೆ. ಮಾತಿಗೆ ಮಾತು ಬೆಳೆಯದಿರಲಿ ಎಂದು, ಇಷ್ಟು ವರ್ಷ ಅಂದ ಹಾಗೆಯೇ ಅಂದುಬಿಟ್ಟೆ: "ಆಯ್ತು, ಅತ್ತೆ."

ಇಟ್ಸುಕಿ ಕಾಗದ ನೆನೆಸುತ್ತಿದ್ದ ನೀರಿನ ಸದ್ದು ನಿಂತಿತು. ಕೆಲವು ದಿನಗಳಿಂದ ಇಟ್ಸುಕಿ ನನ್ನ ಹೊಟ್ಟೆ ನೋಡಿದಾಗಲೆಲ್ಲ ಏನೋ ಕೇಳಲು ಹೋಗಿ ನುಂಗಿಕೊಳ್ಳುತ್ತಿದ್ದ. ಈಗ ಒದ್ದೆ ಕಾಗದವನ್ನು ಬೆರಳಿಂದ ಬಿಡಿಸಿಕೊಂಡು, ನೇರವಾಗಿ ನನ್ನನ್ನೇ ನೋಡಿದ.

"ಅಮ್ಮ, ನನ್ನ ವಿಷಯ ಮೊದಲೇ ಗೊತ್ತಾಗಿದ್ರೆ, ಆಗ್ಲೂ 'ಆಯ್ತು, ಅತ್ತೆ' ಅಂತಿದ್ಯಾ?"