ಗೇಟಿನ ಮುಂದೆ ಗಂಗಲಕ್ಷ್ಮಮ್ಮ

ಚಟ್ಟದ ಬಿದಿರು ಗೇಟಿನ ಕಬ್ಬಿಣಕ್ಕೆ ತಗಲಿ ಠಣ್ಣೆಂದಿತು. ಹೊತ್ತವರು ನಿಂತರು. ತಮಟೆಯೂ ನಿಂತಿತು.

"ಬೀಗ ಹಾಕವ್ರೆ," ಎಂದ ಮುಂದೆ ಹೆಗಲು ಕೊಟ್ಟಿದ್ದ ಪಕ್ಕದ ಮನೆಯ ರುದ್ರೇಶ.

ಬೆಂಕಿಯ ಮಡಕೆ ಹಿಡಿದಿದ್ದ ಮಹದೇವ್ ತನ್ನಕ್ಕ ಕಲಾಳ ಮುಖ ನೋಡಿದ. ಕುರುಬರಹಳ್ಳಿಯ ಅವರ ಬೀದಿಯ ಆ ತುದಿಯನ್ನು ಚರಂಡಿ ಕೆಲಸಕ್ಕೆಂದು ಅಗೆದು ಹಾಗೇ ಬಿಟ್ಟಿದ್ದರು. ಈ ತುದಿಯಲ್ಲಿ ಗೇಟು. ಗೇಟಿನಾಚೆಯ ಬಡಾವಣೆ ದಾಟಿದರೆ ಮೇನ್ ರೋಡು. ವ್ಯಾನು ಅಲ್ಲಿ ಕಾಯುತ್ತಿತ್ತು.

"ಅಕ್ಕಾ, ಚರಂಡಿ ಮೇಲೆ ಹಲಗೆ ಹಾಕವ್ರಲ್ಲ, ಅಲ್ಲೇ ಹುಷಾರಾಗಿ ದಾಟಿಸ್ಕೊಂಡು ಹೋಗೋಣ. ಜಗಳ ಬೇಡ ಇವತ್ತು."

 ಬೆಳಗಿನಿಂದ ಕಲಾಳಿಗೆ ಅಳಲೂ ಪುರಸೊತ್ತಾಗಿರಲಿಲ್ಲ. ಡಾಕ್ಟರ ಸರ್ಟಿಫಿಕೇಟು, ಹಾರ, ಬಂದವರಿಗೆ ಕಾಫಿ ಎಂದು ಓಡಾಡಿದ್ದಳು, ಅಮ್ಮ ಗಂಗಲಕ್ಷ್ಮಮ್ಮ ಬೀದಿಯವರ ಸಾವಿಗೆಲ್ಲ ಓಡಾಡುತ್ತಿದ್ದ ಹಾಗೆ.

ಆಚೆಯಿಂದ ಬಡಾವಣೆ ಸಂಘದ ಅಧ್ಯಕ್ಷ ಸಿದ್ದಲಿಂಗೇಶ್ ಬಂದು ಕೈಮುಗಿದರು.

"ತುಂಬಾ ಬೇಜಾರಾಯ್ತಮ್ಮ. ಆದ್ರೆ ಇವತ್ತು ನಮ್ಮ ರೋಡಲ್ಲಿ ಗೃಹಪ್ರವೇಶ. ನೆಂಟರೆಲ್ಲ ಬಂದಿದಾರೆ. ನೀವೇ ಯೋಚ್ನೆ ಮಾಡಿ."

"ಸಾರ್, ಇದು ಕಾರ್ಪೊರೇಷನ್ ರೋಡು," ಎಂದಳು ಕಲಾ.

"ಅದೆಲ್ಲ ಇನ್ನೊಂದಿನ ಮಾತಾಡೋಣ."

"ಸರಿ," ಎಂದು ಕಲಾ ರುದ್ರೇಶನ ಕಡೆ ತಿರುಗಿದಳು. "ಇಳಿಸಣ್ಣ. ಇಲ್ಲೇ ಇಳಿಸಿ. ಅಮ್ಮಂಗೇನೂ ಅರ್ಜೆಂಟಿಲ್ಲ."

*

ಗೇಟು ಮೊದಲ ಸಲ ಎದ್ದ ದಿನ ಗಂಗಲಕ್ಷ್ಮಮ್ಮ ಪೇಟೆ ಮುಗಿಸಿ ಬಡಾವಣೆಯ ಮೂಲಕ ಮನೆಗೆ ಬರುತ್ತಿದ್ದಳು. ಒಂದು ಚೀಲದಲ್ಲಿ ಹಾಲು, ಇನ್ನೊಂದರಲ್ಲಿ ಅವರೆಕಾಯಿ, ಸೊಂಟದ ಗಂಟಿನಲ್ಲಿ ಮಂಡಿನೋವಿನ ನೆರೆಯಾಕೆಗೆ ತಂದ ಮಾತ್ರೆ. ತನ್ನ ಮನೆಯ ಕೆಲಸಕ್ಕೆಂದು ಹೊರಟವಳು ಬೀದಿಯ ನಾಲ್ಕು ಮನೆಯ ಕೆಲಸವನ್ನೂ ಮುಗಿಸಿಕೊಂಡು ಬರುವುದು ಅವಳ ರೂಢಿ.

"ರೆಸಿಡೆಂಟ್ಸ್‌ಗೆ ಮಾತ್ರ ಅಜ್ಜಿ," ಎಂದ ವಾಚ್‌ಮನ್.

"ನಾನ್ಯಾರು ಮತ್ತೆ? ಈ ಬಿಲ್ಡಿಂಗ್ ನಿಂತಿರೋ ಹೊಲದಲ್ಲಿ ನಮ್ಮಪ್ಪ ರಾಗಿ ಬಿತ್ತಿದ್ದ ಕಣಪ್ಪ."

ಅವನು ತೆಗೆಯಲಿಲ್ಲ. ಅವಳು ಬೈಯಲೂ ಇಲ್ಲ. ರಸ್ತೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಮಡಿಲಿಗೆ ಕಾಯಿ ಸುರಿದುಕೊಂಡು ಸುಲಿಯತೊಡಗಿದಳು. ಸಿದ್ದಲಿಂಗೇಶರ ಕಾರು ಬಂದು ಹಾರನ್ ಮೇಲೆ ಹಾರನ್ ಹೊಡೆಯಿತು.

"ಏಳಮ್ಮ, ಕಾರು ಹೋಗ್ಬೇಕು."

"ನಾನೂ ಹೋಗ್ಬೇಕು," ಎಂದಳು ಗಂಗಲಕ್ಷ್ಮಮ್ಮ, ತಲೆ ಎತ್ತದೆ.

ಸುದ್ದಿ ಕೇಳಿ ಈ ಕಡೆಯ ಹೆಂಗಸರೂ ತಮ್ಮ ತಮ್ಮ ಅವರೆಕಾಯಿ ಹಿಡಿದು ಬಂದು ಗೇಟಿಗೊರಗಿ ಕೂತರು. ರಸ್ತೆಯ ತುಂಬ ಸಿಪ್ಪೆ ಬಿತ್ತು. ಊಟದ ಹೊತ್ತಿಗೆ ಗೇಟು ತೆರೆಯಿತು.

ಮತ್ತೆ ಬೀಗ ಬಿದ್ದದ್ದು ಲಕ್ವ ಹೊಡೆದು ಅವಳು ಹಾಸಿಗೆ ಹಿಡಿದ ಮೇಲೆಯೇ. ಕಿಟಕಿಯಿಂದ ಗೇಟು ಕಾಣುತ್ತಿತ್ತು. ಮಾತು ಹೋಗಿದ್ದ ಅವಳು ಅತ್ತ ನೋಡುತ್ತ, ಆಡುವ ಕೈಯಿಂದ ಮಂಚದ ಪಟ್ಟಿ ಬಡಿಯುತ್ತಿದ್ದಳು. ಕಲಾ ಕಿಟಕಿ ಮುಚ್ಚಲು ಹೋದರೆ ಬಿಡುತ್ತಿರಲಿಲ್ಲ.

*

ಚಟ್ಟ ಗೇಟಿನ ಬುಡದಲ್ಲಿತ್ತು. ಕಲಾ ಅಮ್ಮನ ತಲೆಯ ಬಳಿ ನೆಲದ ಮೇಲೆ ಕೂತಳು. ಒಬ್ಬೊಬ್ಬರಾಗಿ ಬೀದಿಯ ಹೆಂಗಸರೂ ಕೂತರು.

"ಬಡೀಲಾ ಅಕ್ಕಾ?" ಎಂದ ತಮಟೆಯವನು.

"ಬಡಿ. ಜೋರಾಗಿ ಬಡಿ."

ಆಚೆ ಬಾಲ್ಕನಿಗಳಲ್ಲಿ ಜನ ಸೇರಿದರು. ಗೃಹಪ್ರವೇಶದ ಮನೆಯ ಜಗದಾಂಬಾ ರೇಷ್ಮೆ ಸೀರೆಯಲ್ಲೇ ನಡೆದು ಬಂದರು. ದಾವಣಗೆರೆ ಕಡೆಯವರು.

"ಸಿದ್ದಲಿಂಗೇಶ್ ಅವ್ರೇ, ಹೆಣ ತಡೀರಿ ಅಂತ ನಾನೇನಾದ್ರೂ ಹೇಳಿದ್ನೇನ್ರೀ? ನಮ್ಮ ಮನೆ ಹೆಸರು ಹೇಳಿ ಈ ಪಾಪ ಕಟ್ಕೋಬೇಡ್ರಿ."

ಸಿದ್ದಲಿಂಗೇಶರ ಮುಖ ಕೆಂಪಾಯಿತು. ಗೇಟಿನೊಳಗಿನ ಚಿಕ್ಕ ಬಾಗಿಲಿನ ಚಿಲಕ ಸರಿಸಿದರು. "ತಗೊಳ್ಳಿ. ಸ್ವಲ್ಪ ಓರೆ ಮಾಡಿ ಸಾಗಿಸ್ಕೊಂಡು ಹೋಗಿ."

ಮಹದೇವ್ ಒಂದು ಹೆಜ್ಜೆ ಮುಂದಿಟ್ಟ. ಕಲಾ ಕೂತಲ್ಲಿಂದ ಅವನ ಪಂಚೆ ಹಿಡಿದು ನಿಲ್ಲಿಸಿದಳು.

"ನಮ್ಮಮ್ಮ ಯಾವತ್ತೂ ಓರೆಯಾಗಿ ಹೋದೋಳಲ್ಲ ಸಾರ್. ದೊಡ್ಡದು ತೆಗೀರಿ."

ತಮಟೆ ಬಡಿಯುತ್ತಲೇ ಇತ್ತು. ಸಿದ್ದಲಿಂಗೇಶ್ ಬಾಲ್ಕನಿಗಳ ಕಡೆ ನೋಡಿದರು. ಅಲ್ಲಿಂದ ಯಾರೂ ಅವರ ಪರ ಮಾತಾಡಲಿಲ್ಲ. ಕೊನೆಗೆ ವಾಚ್‌ಮನ್‌ಗೆ ಕಣ್ಸನ್ನೆ ಮಾಡಿದರು. ಬೀಗ ಬಿಚ್ಚಿದರೂ ತುಕ್ಕು ಹಿಡಿದ ಗೇಟು ಅಲುಗಲಿಲ್ಲ. ರುದ್ರೇಶ ಈಚೆಯಿಂದ ತಳ್ಳಿದ. ಜಗದಾಂಬಾ ಸೆರಗು ಸಿಕ್ಕಿಸಿಕೊಂಡು ಆಚೆಯಿಂದ ಎಳೆದರು. ಗೇಟು ಕಿರುಗುಡುತ್ತ ಎರಡೂ ಪಕ್ಕಕ್ಕೆ ಸರಿಯಿತು.

"ಎತ್ತಣ್ಣ," ಎಂದಳು ಕಲಾ. ಆಗ ಮಾತ್ರ ಅವಳ ದನಿ ಒಡೆಯಿತು.

ಚಟ್ಟ ರಸ್ತೆಯ ನಡುವಿನಲ್ಲೇ ಸಾಗಿತು, ನೇರವಾಗಿ. ಹಿಂದೆ ಪುರಿ, ಹೂವಿನ ಎಸಳು. ತಿರುವಿನಲ್ಲಿ ಕಲಾ ಕಣ್ಣೊರೆಸಿಕೊಂಡು ಹಿಂದಿರುಗಿ ನೋಡಿದಳು. ವಾಚ್‌ಮನ್ ಮುಚ್ಚಲೆಂದು ಗೇಟಿನ ಮೇಲೆ ಕೈಯಿಟ್ಟು ನಿಂತಿದ್ದ. ಮೆರವಣಿಗೆಯ ಬೆನ್ನಿಗೇ ಬಂದ ಸೊಪ್ಪಿನ ತಳ್ಳುಗಾಡಿಯ ಹೆಂಗಸು, ಗಾಡಿಯನ್ನು ಸರಿಯಾಗಿ ಗೇಟಿನ ಮಧ್ಯಕ್ಕೆ ತಂದು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ದಂಟಿನ ಕಟ್ಟುಗಳ ಮೇಲೆ ನಿಧಾನವಾಗಿ ನೀರು ಚಿಮುಕಿಸುತ್ತಿದ್ದಳು.